ಪಿಸಿ ಆನ್ ಆಗ್ತಿಲ್ಲ ಅಂದ್ರೆ ಮೊದ್ಲು ಎಲ್ಲಿ ನಿಂತಿದೆ ಅಂತ ನೋಡಿ

ಹಾರ್ಡ್‌ವೇರ್ ಪ್ರಾಕ್ಟಿಕಲ್‌ಗೆ ಓದ್ತಿರೋರಿಗೆ ಅಂತ ನನ್ನ ನೋಟ್ಸನ್ನ ಸ್ವಲ್ಪ ಬಿಡಿಸಿ ಬರೀತಿದೀನಿ, ಮನೇಲಿ ಇಡೋ ಡೆಸ್ಕ್‌ಟಾಪ್ ಬಗ್ಗೆ ಮಾತ್ರ. ನಮ್ಗೆ ಬರೋ ಕಂಪ್ಲೇಂಟ್ ಯಾವಾಗ್ಲೂ ಒಂದೇ, "ಕಂಪ್ಯೂಟರ್ ಆನ್ ಆಗ್ತಿಲ್ಲ". ಹಾಗಂದ ತಕ್ಷಣ ಸ್ಕ್ರೂ ಡ್ರೈವರ್ ತಗೋಬೇಡಿ. ಬಟನ್ ಒತ್ತಿದ್ರೆ ಏನೂ ಆಗಲ್ವಾ, ಇಲ್ಲ ಫ್ಯಾನ್ ತಿರುಗಿ ಸ್ಕ್ರೀನ್ ಕಪ್ಪಗೇ ಇರುತ್ತಾ, ಇಲ್ಲ ಲೋಗೋ ಬಂದು ವಿಂಡೋಸ್‌ಗೆ ಹೋಗ್ದೆ ನಿಲ್ಲುತ್ತಾ ಅಂತ ಕೇಳಿ, ಯಾಕಂದ್ರೆ ಈ ಮೂರಕ್ಕೂ ಹುಡುಕೋ ಜಾಗಾನೇ ಬೇರೆ.

ಏನೂ ಆಗ್ತಿಲ್ಲ ಅಂದ್ರೆ ಅದೇ ಸಾಕೆಟ್‌ಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿ, ಸ್ಪೈಕ್ ಬಸ್ಟರ್ ಬಿಟ್ಟು ನೇರ ಗೋಡೆಗೆ ಹಾಕಿ, ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನ ಪಿಸಿಗೆ ಬೇಕಾದ ಕಡಿಮೆ ವೋಲ್ಟೇಜಿಗೆ ಇಳಿಸೋ ಡಬ್ಬ) ಹಿಂದಿರೋ ಸ್ವಿಚ್ ಯಾರೋ ಆಫ್ ಮಾಡಿದಾರಾ ನೋಡಿ. ಇದೆಲ್ಲ ಸರಿ ಇದ್ರೆ ಮುಂದಿನದನ್ನ ಅರ್ಥ ಮಾಡ್ಕೊಂಡೇ ಹೋಗ್ಬೇಕು, ಬಾಯಿಪಾಠ ಮಾಡಿದ್ರೆ ವೈವಾದಲ್ಲಿ ಸಿಕ್ಕಾಕೊಳ್ತೀರಿ.

ಪ್ಲಗ್ ಹಾಕಿದ್ರೆ ಸಾಕು, ಬಟನ್ ಒತ್ತದಿದ್ರೂ ಎಸ್‌ಎಂಪಿಎಸ್ ನೇರಳೆ ವೈರಲ್ಲಿ 5 ವೋಲ್ಟ್ ಕೊಡ್ತಾನೇ ಇರುತ್ತೆ, ಅದಕ್ಕೇ ಎಷ್ಟೋ ಮದರ್‌ಬೋರ್ಡಲ್ಲಿ ಆಫ್ ಆಗಿದ್ರೂ ಒಂದು ಎಲ್‌ಇಡಿ ಉರೀತಿರುತ್ತೆ. ನೀವು ಬಟನ್ ಒತ್ತಿದಾಗ ಮದರ್‌ಬೋರ್ಡ್ ಹಸಿರು ವೈರನ್ನ ಗ್ರೌಂಡ್‌ಗೆ, ಅಂದ್ರೆ ಸೊನ್ನೆ ವೋಲ್ಟಿನ ಕಪ್ಪು ವೈರಿಗೆ, ಸೇರಿಸುತ್ತೆ, ಆಗ ಎಸ್‌ಎಂಪಿಎಸ್ ಪೂರ್ತಿ ಎಚ್ಚರ ಆಗುತ್ತೆ, ವೋಲ್ಟೇಜ್ ಎಲ್ಲ ಏರುಪೇರಿಲ್ದೆ ಸ್ಥಿರ ಆದ್ಮೇಲೆ ಬೂದು ವೈರಲ್ಲಿ "ಸರಿ ಇದೆ" ಅಂತ ಸಿಗ್ನಲ್ ಬರುತ್ತೆ, ಅದು ಬಂದ ಮೇಲೇ ಪ್ರೊಸೆಸರ್ ಕೆಲಸ ಶುರು ಮಾಡೋದು.

ಇದು ತಲೇಲಿ ಕೂತ್ರೆ ಟೆಸ್ಟ್ ತಾನಾಗೇ ಹೊಳೆಯುತ್ತೆ. ಎಸ್‌ಎಂಪಿಎಸ್‌ನ ಎಲ್ಲ ಕನೆಕ್ಟರನ್ನೂ ಬೋರ್ಡಿಂದ ಬಿಚ್ಚಿ, ಕರೆಂಟ್ ಆಫ್ ಇರೋವಾಗ್ಲೇ 24 ಪಿನ್ ಕನೆಕ್ಟರಲ್ಲಿ ಹಸಿರಿಗೂ ಪಕ್ಕದ ಕಪ್ಪಿಗೂ ಒಂದು ಪೇಪರ್ ಕ್ಲಿಪ್ ಬಗ್ಗಿಸಿ ಹಾಕಿ, ಆಮೇಲೆ ಆನ್ ಮಾಡಿ. ವೈರ್ ಎಲ್ಲ ಕಪ್ಪೇ ಇದ್ರೆ 16 ಮತ್ತೆ 17ನೇ ಪಿನ್. ಫ್ಯಾನ್ ತಿರುಗಿದ್ರೆ ಮಲ್ಟಿಮೀಟರ್ ಹಿಡೀರಿ, ಹಳದೀಲಿ 11.4ರಿಂದ 12.6, ಕೆಂಪಲ್ಲಿ 4.75ರಿಂದ 5.25 ಒಳಗೆ ಇರ್ಬೇಕು. ಆದ್ರೂ ಇದು ಲೋಡ್ ಇಲ್ದೆ, ಅಂದ್ರೆ ಬೋರ್ಡ್ ಕರೆಂಟ್ ಎಳೀದೇ ಇರೋವಾಗ, ನೋಡಿದ್ದು, ಲೋಡ್ ಬಿದ್ದಾಗ ಕೈ ಕೊಡೋ ಎಸ್‌ಎಂಪಿಎಸ್‌ಗಳೂ ಇವೆ. ಮತ್ತೆ ಎಸ್‌ಎಂಪಿಎಸ್ ಡಬ್ಬಾನ ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ, 230 ವೋಲ್ಟ್ ಎಸಿ ಒಳಗೆ ಡಿಸಿ ಆದಾಗ ಕೆಪಾಸಿಟರಲ್ಲಿ 325 ವೋಲ್ಟ್ ಹತ್ರ ಇರುತ್ತೆ, ಪ್ಲಗ್ ಕಿತ್ತ ಮೇಲೂ ಸುಮಾರು ಹೊತ್ತು ಅಲ್ಲೇ ಉಳ್ಕೊಂಡಿರಬಹುದು.

ಎಸ್‌ಎಂಪಿಎಸ್ ಚೆನ್ನಾಗಿದ್ರೆ ಕ್ಯಾಬಿನೆಟ್ ಮೇಲಿರೋ ಪವರ್ ಬಟನ್ ಮೇಲೆ ಅನುಮಾನ ಪಡಿ. ಎಲ್ಲ ವಾಪಸ್ ಜೋಡ್ಸಿ, ಬೋರ್ಡಲ್ಲಿ ಪವರ್ ಸ್ವಿಚ್ ಅಂತ ಬರೆದಿರೋ ಎರಡು ಪಿನ್ನಿಂದ ವೈರ್ ತೆಗೆದು ಸ್ಕ್ರೂ ಡ್ರೈವರ್ ತುದಿ ಒಂದು ಕ್ಷಣ ಮುಟ್ಟಿಸಿ. ಸ್ಟಾರ್ಟ್ ಆಯ್ತಾ? ಹಾಗಾದ್ರೆ ಬಟನ್ನೇ ಹೋಗಿದೆ, ಸದ್ಯಕ್ಕೆ ರೀಸೆಟ್ ಬಟನ್ ವೈರನ್ನ ಆ ಪಿನ್ನಿಗೆ ಹಾಕ್ಬಿಡಿ, ಕೆಲಸ ನಡೆಯುತ್ತೆ.

ಇನ್ನು ಫ್ಯಾನ್ ತಿರುಗಿ ಡಿಸ್‌ಪ್ಲೇ ಬರದೇ ಇರೋದು. ನಾನು ಅತಿ ಹೆಚ್ಚು ಕಂಡಿರೋದು ಇದನ್ನೇ. ಹೋದ ಮಳೆಗಾಲದಲ್ಲಿ ಸಾಗರದ ಹತ್ರ ನಮ್ ಚಿಕ್ಕಮ್ಮನ ಮನೇಲಿ ಎರಡು ತಿಂಗಳು ಮುಟ್ಟದೇ ಇಟ್ಟಿದ್ದ ಪಿಸಿ ಹೀಗೇ ಆಗಿತ್ತು, "ಬೋರ್ಡ್ ಹೋಗಿದೆ, ಬದಲಾಯಿಸ್ಬೇಕು" ಅಂತ ಒಬ್ರು ಹೇಳಿ ಹೋಗಿದ್ರಂತೆ, ಪಾಪ ಚಿಕ್ಕಮ್ಮ ದುಡ್ಡೂ ಹೊಂದಿಸ್ತಾ ಇದ್ರು. ನಾನು ಪ್ಲಗ್ ಕಿತ್ತು, ಉಳಿದ ಕರೆಂಟ್ ಹೋಗ್ಲಿ ಅಂತ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು, ರ‍್ಯಾಮ್ ತೆಗೆದು ಕಿಟಕಿ ಬೆಳಕಿಗೆ ಹಿಡಿದೆ. ಚಿನ್ನದ ಬಣ್ಣದ ಹಲ್ಲುಗಳ ಮೇಲೆ, ಹುಣಸೆಹಣ್ಣು ಕಾಣದ ಹಿತ್ತಾಳೆ ಚೊಂಬಿನ ಮೇಲೆ ಇರುತ್ತಲ್ಲ, ಅಂಥ ಮಬ್ಬು. ಮಕ್ಕಳ ಪೆನ್ಸಿಲ್ ರಬ್ಬರಲ್ಲಿ ಮೆಲ್ಲಗೆ ಉಜ್ಜಿದ್ರೆ ರಬ್ಬರ್ ತುದಿ ಕಪ್ಪಾಯ್ತು. ಪುಡಿ ಎಲ್ಲ ಬ್ರಷ್ಷಲ್ಲಿ ಜಾಡಿಸಿ, ಎರಡೂ ಕಡೆ ಟಕ್ ಅನ್ನೋ ತನಕ ಒತ್ತಿ ಕೂರಿಸಿದೆ, ಮೊದಲ್ನೇ ಸಲಕ್ಕೇ ಲೋಗೋ ಬಂತು. ಚಿಕ್ಕಮ್ಮ "ಇಷ್ಟೇನಾ ಮಗಾ?" ಅಂತ ಕೇಳಿದ್ದು ಇನ್ನೂ ಕಿವೀಲಿದೆ.

ಎರಡು ರ‍್ಯಾಮ್ ಇದ್ರೆ ಒಂದೊಂದೇ ಹಾಕಿ, ಸ್ಲಾಟ್ ಬದಲಾಯಿಸಿ ನೋಡಿ. ಡಿಡಿಆರ್5 ಅನ್ನೋ ಹೊಸ ಥರದ ರ‍್ಯಾಮ್ ಹಾಕೋ ಬೋರ್ಡಾದ್ರೆ ರ‍್ಯಾಮ್ ಹಾಕಿದ ಮೇಲೆ ಮೊದಲ ಸಲ ಕೆಲವು ನಿಮಿಷ ಸ್ಕ್ರೀನ್ ಕಪ್ಪಗೇ ಇರಬಹುದು, ಅದು ಮೆಮೊರಿ ಟ್ರೈನಿಂಗ್, ಅಂದ್ರೆ ಬೋರ್ಡು ಆ ರ‍್ಯಾಮಿಗೆ ಹೊಂದಿಸ್ಕೊಳ್ತಿರೋದು, ಗಾಬರಿಯಾಗಿ ಆಫ್ ಮಾಡ್ಬೇಡಿ. ಪ್ರೊಸೆಸರ್ ಹತ್ರ ಹೋಗೋ 4 ಅಥವಾ 8 ಪಿನ್ ವೈರ್ ಮರೆತಿದ್ರೂ ಫ್ಯಾನ್ ತಿರುಗುತ್ತೆ, ಡಿಸ್‌ಪ್ಲೇ ಬರಲ್ಲ. ಗ್ರಾಫಿಕ್ಸ್ ಕಾರ್ಡ್ ಇದ್ರೆ ಮಾನಿಟರ್ ಕೇಬಲ್ ಕಾರ್ಡಿಗೇ ಹೋಗಿದೆಯಾ ನೋಡಿ. ಬೀಪ್ ಬಂದ್ರೆ ಎಣಿಸಿ ಬರ್ಕೊಳ್ಳಿ, ಆದ್ರೆ ಅರ್ಥ ಒಂದೊಂದು ಬಯಾಸ್‌ಗೂ (ವಿಂಡೋಸ್‌ಗಿಂತ ಮೊದ್ಲು ಓಡೋ, ಬೋರ್ಡಲ್ಲೇ ಇರೋ ಪ್ರೋಗ್ರಾಂ) ಬೇರೆ, ಆ ಬೋರ್ಡಿನ ಮ್ಯಾನ್ಯುಅಲ್ಲೇ ನೋಡ್ಬೇಕು.

ಲೋಗೋ ಬಂದು "ಬೂಟ್ ಡಿವೈಸ್ ಇಲ್ಲ" ಅಂದ್ರೆ ಬಯಾಸ್ ಒಳಗೆ ಹೋಗಿ ಡಿಸ್ಕ್ ಕಾಣ್ತಿದೆಯಾ ನೋಡಿ. ಕಾಣದಿದ್ರೆ ಡಿಸ್ಕಿಂದ ಬೋರ್ಡಿಗೆ ಹೋಗೋ ಸಾಟಾ ಕೇಬಲ್ ಬದಲಾಯಿಸಿ. ಡಿಸ್ಕ್ ಕಾಣ್ತಿದೆ ಆದ್ರೆ ತಾರೀಕು ವರ್ಷಗಟ್ಟಲೆ ಹಿಂದೆ ಹೋಗಿದೆ ಅಂದ್ರೆ ಬೋರ್ಡ್ ಮೇಲಿರೋ ಬಿಲ್ಲೆಯಂಥ ಸಿಆರ್2032 ಸೆಲ್ ಮುಗಿದಿರುತ್ತೆ, ಬಯಾಸ್ ಸೆಟ್ಟಿಂಗ್ ಎಲ್ಲ ಕಂಪನಿಯಿಂದ ಬಂದಾಗ ಇದ್ದ ಹಾಗಾಗಿ ಬೂಟ್ ಮೋಡ್ (ವಿಂಡೋಸ್ ಶುರು ಮಾಡೋ ವಿಧಾನ, ಹಳೇ ಲೆಗಸಿ ಇಲ್ಲ ಹೊಸ ಯುಇಎಫ್‌ಐ) ಬದಲಾಗಿರಬಹುದು. 3 ವೋಲ್ಟಿನ ಹೊಸ ಸೆಲ್ ಹಾಕಿ, ಯುಇಎಫ್‌ಐ ಮೋಡಲ್ಲಿ ಹಾಕಿದ್ದ ವಿಂಡೋಸ್ ಆದ್ರೆ ವಾಪಸ್ ಯುಇಎಫ್‌ಐಗೇ ತನ್ನಿ. ಹಾರ್ಡ್ ಡಿಸ್ಕ್ ಟಕ್ ಟಕ್ ಅಂತ ಒಂದೇ ಸಮ ಸದ್ದು ಮಾಡ್ತಿದ್ರೆ ಮಾತ್ರ ಪದೇ ಪದೇ ಆನ್ ಮಾಡಿ ನೋಡ್ಬೇಡಿ, ಅಲ್ಲೇ ಆಫ್ ಮಾಡಿ, ಒಳಗಿರೋ ಫೋಟೋ ಡಾಕ್ಯುಮೆಂಟ್ ಬೇಕಾ ಅಂತ ಮನೆಯವ್ರನ್ನ ಕೇಳಿ, ಬೇಕು ಅಂದ್ರೆ ಡಿಸ್ಕನ್ನ ಬಿಚ್ಚಿ ಡೇಟಾ ರಿಕವರಿ ಮಾಡೋರಿಗೆ ಕೊಡಿ.