ಬೆಂಕಿ ಆರಿಸೋ ಫಾಸ್ಫರಸ್: ಡೊಪೊ ರಿಂಗ್ ಕಥೆ

ಫಾಸ್ಫರಸ್ ಅಂದ ತಕ್ಷಣ ಎಲ್ರಿಗೂ ಬೆಂಕಿಪೊಟ್ಟಣದ ಪಟ್ಟಿನೇ ನೆನಪಾಗತ್ತೆ, ಹತ್ಕೊಳ್ಳೋ ವಸ್ತು ಬೆಂಕಿ ಆರಿಸೋದು ಹೇಗೆ ಸಾರ್ ಅಂತ ಲ್ಯಾಬಿಗೆ ಹೊಸದಾಗಿ ಬಂದ ಹುಡುಗ್ರು ಕೇಳ್ತಾನೇ ಇರ್ತಾರೆ. ಕೇಳ್ಬೇಕಾದ ಪ್ರಶ್ನೆನೇ ಅದು. ಇದಕ್ಕೆ ನಾನು ಯಾವಾಗ್ಲೂ ಡೊಪೊ ಅನ್ನೋ, ಬೆಂಕಿ ತಡೆಯೋಕೆ ಬೆರೆಸೋ ಫಾಸ್ಫರಸ್ ಇರೋ ಬಿಳಿ ಪುಡಿ ತೋರಿಸಿ ಉತ್ತರ ಕೊಡ್ತೀನಿ.

ಮೂರು ರಿಂಗ್ ಒಂದಕ್ಕೊಂದು ಗೋಡೆ ಹಂಚ್ಕೊಂಡು ಕೂತಿರೋ ಅಣು ಇದು. ಆಚೆ ಈಚೆ ಎರಡು ಬೆಂಜೀನ್, ನಡುವಿನ ಆರು ಮೂಲೆಯ ರಿಂಗಲ್ಲಿ ನಾಲ್ಕು ಕಾರ್ಬನ್, ಒಂದು ಆಕ್ಸಿಜನ್, ಒಂದು ಫಾಸ್ಫರಸ್. ಆ ಫಾಸ್ಫರಸ್ ಮೇಲೆ ಒಂದು ಡಬಲ್ ಬಾಂಡ್ ಆಕ್ಸಿಜನ್, ಒಂದು ಹೈಡ್ರೋಜನ್. ತೂಕದಲ್ಲಿ ಫಾಸ್ಫರಸ್ 14.3 ಪರ್ಸೆಂಟ್. ಬ್ರೋಮಿನ್ (ಬೆಂಕಿ ತಡೆಯೋಕೆ ಬಳಸೋ ಇನ್ನೊಂದು ಮೂಲವಸ್ತು) ಇಲ್ಲದ ಸರ್ಕ್ಯೂಟ್ ಬೋರ್ಡ್‌ಗಳ ಎಪಾಕ್ಸಿ ರೆಸಿನ್ನಿಗೆ (ಗಟ್ಟಿಯಾಗೋ ಅಂಟಿನಂಥ ಪ್ಲಾಸ್ಟಿಕ್) ಇದನ್ನ, ಇಲ್ಲಾ ಇದರಿಂದ ಮಾಡಿದ್ದನ್ನ, ತುಂಬಾ ಬಳಸ್ತಾರೆ.

ಉರಿಯೋವಾಗ ಬೆಂಕಿನ ನಡೆಸೋದು ರಾಡಿಕಲ್ ಅನ್ನೋ, ಜೋಡಿ ಸಿಗದ ಎಲೆಕ್ಟ್ರಾನ್ ಇರೋ ಚುರುಕಿನ ಚೂರುಗಳು, ಅಂದ್ರೆ ಹೈಡ್ರೋಜನ್ ರಾಡಿಕಲ್, ಹೈಡ್ರಾಕ್ಸಿಲ್ ರಾಡಿಕಲ್‌ಗಳು. ಒಂದು ಹೈಡ್ರೋಜನ್ ರಾಡಿಕಲ್ ಆಕ್ಸಿಜನ್ ಅಣುಗೆ ಡಿಕ್ಕಿ ಹೊಡೆದ್ರೆ ಎರಡು ಹೊಸ ರಾಡಿಕಲ್ ಹುಟ್ಟತ್ತೆ, ಹಾಗಾಗೇ ಬೆಂಕಿ ಬೆಳೀತಾ ಹೋಗೋದು. ಡೊಪೊ ಬಿಸಿಗೆ ಒಡೆದು ಪಿಒ (ಒಂದು ಫಾಸ್ಫರಸ್, ಒಂದು ಆಕ್ಸಿಜನ್) ಅನ್ನೋ ಪುಟ್ಟ ರಾಡಿಕಲ್‌ನ ಗ್ಯಾಸಿಗೆ ಬಿಡತ್ತೆ, ಅದು ಒಂದು ಹೈಡ್ರೋಜನ್ ರಾಡಿಕಲ್‌ನ ಹಿಡಿದು ಎಚ್‌ಪಿಒ ಆಗತ್ತೆ, ಆ ಎಚ್‌ಪಿಒಗೆ ಇನ್ನೊಂದು ಹೈಡ್ರೋಜನ್ ಸಿಕ್ರೆ ಹೈಡ್ರೋಜನ್ ಗ್ಯಾಸು, ಹೈಡ್ರಾಕ್ಸಿಲ್ ಸಿಕ್ರೆ ನೀರು, ಎರಡರಲ್ಲಿ ಯಾವುದಾದ್ರೂ ಪಿಒ ಮಾತ್ರ ವಾಪಸ್ ಬಂದು ಮತ್ತೆ ಅದೇ ಕೆಲಸ ಶುರು ಮಾಡತ್ತೆ. ಅದಕ್ಕೇ ಕಮ್ಮಿ ಫಾಸ್ಫರಸ್ ಸಾಕಾಗೋದು, ನೋವೊಲಾಕ್ ಅನ್ನೋ ಬಗೆಯ ಎಪಾಕ್ಸಿಲಿ 1ರಿಂದ 2 ಪರ್ಸೆಂಟ್ ಫಾಸ್ಫರಸ್ ಇದ್ರೆ ಸಾಮಾನ್ಯವಾಗಿ ಯುಎಲ್ 94 ಅನ್ನೋ ಬೆಂಕಿ ಪರೀಕ್ಷೆಲಿ ವಿ-0 ದರ್ಜೆ ಸಿಗತ್ತೆ. ಅಂದ್ರೆ ನೆಟ್ಟಗೆ ನಿಲ್ಲಿಸಿದ ಪಟ್ಟಿಗೆ 10 ಸೆಕೆಂಡ್ ಜ್ವಾಲೆ ಹಿಡಿದು ತೆಗೆದ್ರೆ 10 ಸೆಕೆಂಡ್ ಒಳಗೆ ಆರಬೇಕು, ಎರಡನೇ ಸಲ ಹಿಡಿದ್ರೂ ಹಾಗೇ, ಕೆಳಗಿಟ್ಟ ಹತ್ತಿಗೆ ಉರಿಯೋ ಹನಿ ಬಿದ್ದು ಹತ್ಕೋಬಾರದು.

ಮಾಡೋ ವಿಧಾನ ಹೇಳ್ತೀನಿ, ಯಾಕಂದ್ರೆ ಸಮಸ್ಯೆಗಳ ಬೇರು ಅಲ್ಲೇ ಇದೆ. ಆರ್ಥೋ ಫೀನೈಲ್ ಫೀನಾಲ್ (ಕಿತ್ತಳೆ ಸಿಪ್ಪೆಗೆ ಬೂಷ್ಟು ಹಿಡಿಯದಿರ್ಲಿ ಅಂತ ಹಚ್ಚೋದೂ ಇದೇ) ಜೊತೆಗೆ ಫಾಸ್ಫರಸ್ ಟ್ರೈಕ್ಲೋರೈಡ್, ಆಮೇಲೆ ಜಿಂಕ್ ಕ್ಲೋರೈಡ್ ಹಾಕಿ ಸುಮಾರು 200 ಡಿಗ್ರಿವರೆಗೆ ಏರಿಸಿದ್ರೆ ರಿಂಗ್ ಮುಚ್ಕೊಳ್ಳತ್ತೆ, ಕೊನೆಗೆ ನೀರು. ಮೂರು ಕ್ಲೋರಿನ್ನೂ ಎಚ್‌ಸಿಎಲ್ (ಹೈಡ್ರೋಜನ್ ಕ್ಲೋರೈಡ್) ಆಗಿ ಹೊರಗೆ ಹೋಗ್ಬೇಕು. ಹ್ಯಾಲೊಜನ್ (ಕ್ಲೋರಿನ್, ಬ್ರೋಮಿನ್ ಜಾತಿ) ಇಲ್ಲ ಅಂತ ಮಾರೋ ಮಾಲು ಶುರುವಾಗೋದೇ ಕ್ಲೋರಿನ್ನಿಂದ ನೋಡಿ, ಹಾಗೆ ಕರೆಯೋಕೆ ಬೋರ್ಡಿನ ಮಿತಿ ಕ್ಲೋರಿನ್ 900 ಪಿಪಿಎಂ (ಹತ್ತು ಲಕ್ಷಕ್ಕೆ 900 ಭಾಗ), ಬ್ರೋಮಿನ್ 900, ಎರಡೂ ಸೇರಿ 1500. ತೊಳೆಯೋದ್ರಲ್ಲಿ ಅವಸರ ಮಾಡಿದ ಬ್ಯಾಚನ್ನ ನಾನು ಪಾಸ್ ಮಾಡಲ್ಲ.

ಅದಕ್ಕಿಂತ ದೊಡ್ಡ ತಲೆನೋವು ತೇವ. ನಡುವಿನ ರಿಂಗಿನ ಫಾಸ್ಫರಸ್-ಆಕ್ಸಿಜನ್ ಬಾಂಡ್‌ನ ನೀರು ಬಿಡಿಸಿಬಿಡತ್ತೆ, ರಿಂಗ್ ತೆರ್ಕೊಂಡು ಒಂದು ಕಡೆ ಫೀನಾಲ್, ಇನ್ನೊಂದು ಕಡೆ ಫಾಸ್ಫಿನಿಕ್ ಆಸಿಡ್ ಆಗತ್ತೆ. ನೋಡೋಕೆ ಅದೂ ಬಿಳಿ ಪುಡಿನೇ, ಕಣ್ಣಿಗೆ ಗೊತ್ತೇ ಆಗಲ್ಲ. ರೆಸಿನ್ನಿಗೆ ಹಾಕಿದ್ರೆ ಆಸಿಡ್ ಕ್ಯೂರಿಂಗ್ (ರೆಸಿನ್ ಗಟ್ಟಿಯಾಗೋದು) ಕೆಡಿಸತ್ತೆ, ಬಿಸಿಗೆ ರಿಂಗ್ ಮತ್ತೆ ಮುಚ್ಕೊಳ್ಳೋವಾಗ ನೀರು ಬಿಟ್ಟು ಗುಳ್ಳೆ ಏಳಬಹುದು. ಮೆಲ್ಟಿಂಗ್ ಪಾಯಿಂಟ್ ಒಂದನ್ನೇ ನಂಬಬೇಡಿ ಅಂತ ಹೇಳ್ತಾನೇ ಇರ್ತೀನಿ, ಫಾಸ್ಫರಸ್ ಎನ್‌ಎಂಆರ್ (ಫಾಸ್ಫರಸ್ ಸುತ್ತ ಏನಿದೆ ಅಂತ ಅಯಸ್ಕಾಂತದಿಂದ ತೋರಿಸೋ ಪರೀಕ್ಷೆ) ತೆಗೀರಿ. ಡೊಪೊ ಸುಮಾರು 15 ಪಿಪಿಎಂ (ಇಲ್ಲಿ ಇದು ಪೀಕಿನ ಜಾಗದ ಅಳತೆ) ಹತ್ರ ಎರಡಾಗಿ ಸೀಳಿರೋ ಪೀಕ್ ಕೊಡತ್ತೆ, ಮಧ್ಯೆ 600 ಹರ್ಟ್ಜ್ ಹತ್ತಿರದ ಅಂತರ, ಅದು ಫಾಸ್ಫರಸ್ ಮೇಲೆ ನೇರ ಕೂತಿರೋ ಹೈಡ್ರೋಜನ್ನಿನ ಗುರುತು. ಪಕ್ಕದಲ್ಲಿ ಬೇರೆ ಜೋಡಿ ಪೀಕ್ ಕಂಡ್ರೆ ಅದು ತೆರ್ಕೊಂಡ ರಿಂಗು, ವ್ಯಾಕ್ಯೂಮಲ್ಲಿ ಬಿಸಿ ಮಾಡಿ ನೀರು ತೆಗೀರಿ, ರಿಂಗ್ ಮತ್ತೆ ಕೂಡ್ಕೊಳ್ಳತ್ತೆ, ಮಾಲು ಬಿಸಾಕ್ಬೇಕಾಗಿಲ್ಲ.

ಇನ್ನು ಆ ಹೈಡ್ರೋಜನ್ ಇರೋದ್ರಿಂದಲೇ ಡೊಪೊ ಎಪಾಕ್ಸಿ ಗುಂಪಿಗೆ ತಾನೇ ಅಂಟ್ಕೊಳ್ಳತ್ತೆ, ಬೋರ್ಡಿಂದ ಹೊರಗೆ ಸೋರಲ್ಲ. ಆದ್ರೆ ಒಂದೇ ಕೈ ಇರೋ ಅಣು, ಒಂದು ಎಪಾಕ್ಸಿನ ತಿಂದು ಅಲ್ಲಿಗೇ ಚೈನ್ ನಿಲ್ಲಿಸತ್ತೆ, ಹೆಚ್ಚು ಹಾಕಿದಷ್ಟೂ ಜಾಲ ಸಡಿಲ, ಗ್ಲಾಸ್ ಟ್ರಾನ್ಸಿಶನ್ ಟೆಂಪರೇಚರ್ (ಗಟ್ಟಿ ರೆಸಿನ್ ಮೆತ್ತಗಾಗೋ ಬಿಸಿ) ಕೆಳಗೆ. ಅದಕ್ಕೆ ಬೆಂಜೋಕ್ವಿನೋನ್ ಜೊತೆ ರಿಯಾಕ್ಟ್ ಮಾಡಿಸಿ ಎರಡು ಒಎಚ್ ಇರೋ ಡೊಪೊ-ಎಚ್‌ಕ್ಯೂ ಮಾಡ್ತಾರೆ, ಅದು ಎರಡೂ ಕಡೆ ಚೈನಿಗೆ ಸೇರ್ಕೊಳ್ಳತ್ತೆ. ನನ್ನ ಆಯ್ಕೆ ಅದೇ, ಬೆಲೆ ಜಾಸ್ತಿ ಆದ್ರೂ. ಅದರಲ್ಲಿ ಫಾಸ್ಫರಸ್ 9.6 ಪರ್ಸೆಂಟ್ ಅಷ್ಟೇ, 100 ಕೆಜಿ ಡೊಪೊ ಹಾಕ್ತಿದ್ದ ಕಡೆ ಸುಮಾರು 150 ಕೆಜಿ ಬೇಕಾಗತ್ತೆ, ಕೋಟೇಶನ್ ಕೊಡೋಕೆ ಮುಂಚೆ ಇದನ್ನ ಲೆಕ್ಕಕ್ಕೆ ಹಿಡೀರಿ.