ನಾನ್ಯೋ: ಸಕ್ಕರೆಯ ಹಿಂದೆ ಹೋದ ಜಪಾನಿ ವಲಸಿಗರು

ಸೈಪಾನ್, ಟಿನಿಯನ್, ಟ್ರಕ್, ಪಲಾವ್: ಪೆಸಿಫಿಕ್ ಸಾಗರದ ಪಶ್ಚಿಮ ಭಾಗದ ದ್ವೀಪಗಳು. ಎರಡನೇ ಮಹಾಯುದ್ಧದ ಪಾಠದಲ್ಲಿ ಈ ಹೆಸರುಗಳು ಬರೀ ರಣರಂಗಗಳಾಗಿ ಬಂದು ಹೋಗುತ್ತವೆ. ಯುದ್ಧಕ್ಕೆ ಮುಂಚೆ ಅಲ್ಲಿ ಹತ್ತಾರು ಸಾವಿರ ಜಪಾನಿ ಪ್ರಜೆಗಳು ಸಂಸಾರ ಹೂಡಿ, ಬೆಳೆ ಬೆಳೆದು, ಮೀನು ಹಿಡಿದು ಬದುಕಿದ್ದರು. ಈ ಟಿಪ್ಪಣಿ ಅವರ ಬಗ್ಗೆ.

ಮೊದಲು ಆಡಳಿತದ ಹಿನ್ನೆಲೆ. ಗುವಾಮ್ ಬಿಟ್ಟು ಉಳಿದ ಮರಿಯಾನಾ ದ್ವೀಪಗಳು, ಕ್ಯಾರೋಲೈನ್, ಮಾರ್ಷಲ್ ದ್ವೀಪಗಳು ಜರ್ಮನಿಯ ಕೈಯಲ್ಲಿದ್ದವು. 1914ರಲ್ಲಿ ಜಪಾನಿನ ನೌಕಾಪಡೆ ಅವನ್ನು ವಶಪಡಿಸಿಕೊಂಡಿತು. ಆಮೇಲೆ ರಾಷ್ಟ್ರಸಂಘ 'ಸಿ' ದರ್ಜೆಯ ಮ್ಯಾಂಡೇಟ್ (ಆಡಳಿತ ನಡೆಸುವ ಹೊಣೆ) ಆಗಿ ಅವನ್ನು ಜಪಾನಿಗೇ ಒಪ್ಪಿಸಿತು. ಅಂದರೆ ಜಪಾನ್ ತನ್ನ ಕಾನೂನನ್ನೇ ಅಲ್ಲಿ ನಡೆಸಬಹುದು. ಆದರೆ ಸೇನಾ ನೆಲೆ ಕಟ್ಟುವಂತಿಲ್ಲ, ವರ್ಷಕ್ಕೊಮ್ಮೆ ವರದಿ ಕೊಡಬೇಕು. ಈ ಪ್ರದೇಶವನ್ನು ಜಪಾನಿಗಳು ನಾನ್ಯೋ, ಅಂದರೆ ದಕ್ಷಿಣ ಸಮುದ್ರ, ಎನ್ನುತ್ತಿದ್ದರು. 1922ರಲ್ಲಿ ಪಲಾವ್‌ನ ಕೊರೋರ್‌ನಲ್ಲಿ ನಾನ್ಯೋ-ಚೋ ಎಂಬ ನಾಗರಿಕ ಸರ್ಕಾರ ಶುರುವಾಯಿತು. 1933ರಲ್ಲಿ ರಾಷ್ಟ್ರಸಂಘ ಬಿಡುವುದಾಗಿ ಹೇಳಿದ ಮೇಲೂ ಜಪಾನ್ ದ್ವೀಪಗಳನ್ನು ಬಿಡಲಿಲ್ಲ.

ಸರ್ಕಾರಿ ಕಚೇರಿ ತೆರೆದ ಮಾತ್ರಕ್ಕೆ ಜನ ಸುಮ್ನೆ ಸಮುದ್ರ ದಾಟಿ ಬರುವುದಿಲ್ಲ ಅಲ್ವಾ? ಅವರನ್ನು ತಂದದ್ದು ಕಬ್ಬು. ಮೊದಲ ಮಹಾಯುದ್ಧದ ಹೊತ್ತಿಗೆ ಸಕ್ಕರೆ ಬೆಲೆ ಏರಿತ್ತು. ಲಾಭದ ಆಸೆಗೆ ಕೆಲವು ಕಂಪನಿಗಳು ಸೈಪಾನ್‌ಗೆ ಕೂಲಿಗಳನ್ನು ಕರೆತಂದವು. 1920ರಲ್ಲಿ ಬೆಲೆ ಕುಸಿಯಿತು, ಕಂಪನಿಗಳು ಮುಳುಗಿದವು. ಸುಮಾರು ಸಾವಿರ ಜನ ಊರಿಗೆ ಮರಳುವ ದಾರಿಯಿಲ್ಲದೆ, ಹೊಟ್ಟೆಗಿಲ್ಲದೆ ಅಲ್ಲೇ ಸಿಕ್ಕಿಕೊಂಡರು.

ಆಗ ಬಂದವರು ಮಾತ್ಸುಯೆ ಹರುಜಿ. ಅಮೆರಿಕದ ಲೂಯಿಸಿಯಾನಾದಲ್ಲಿ ಸಕ್ಕರೆ ತಯಾರಿಕೆ ಕಲಿತವರು, ತೈವಾನ್‌ನ ಸಕ್ಕರೆ ಉದ್ಯಮದಲ್ಲಿ ಪಳಗಿದವರು. 1921ರಲ್ಲಿ ಅವರು ನಾನ್ಯೋ ಕೊಹತ್ಸು ಎಂಬ ಕಂಪನಿ ಕಟ್ಟಿದರು. ಸೈಪಾನ್‌ನ ಕಾಡು ಕಡಿಸಿ ಕಬ್ಬು ನೆಡಿಸಿದರು, ರೈಲು ಹಳಿ ಹಾಕಿಸಿದರು, ಕಾರ್ಖಾನೆ ನಿಲ್ಲಿಸಿದರು. ಆಮೇಲೆ ಟಿನಿಯನ್ ದ್ವೀಪವೂ ಹೆಚ್ಚುಕಡಿಮೆ ಪೂರ್ತಿ ಕಬ್ಬಿನ ಗದ್ದೆಯಾಯಿತು. ಗೇಣಿದಾರ ಕುಟುಂಬಕ್ಕೆ ಕಂಪನಿಯೇ ಜಮೀನು ಕೊಡುತ್ತಿತ್ತು, ಬೆಳೆದ ಕಬ್ಬನ್ನು ಕಂಪನಿಗೇ ಕೊಡಬೇಕಿತ್ತು. ಸಕ್ಕರೆಯ ಮೇಲಿನ ತೆರಿಗೆ ನಾನ್ಯೋ ಸರ್ಕಾರದ ಆದಾಯದ ದೊಡ್ಡ ಪಾಲಾಗಿತ್ತು. ಹಾಗಾಗಿ ಕಂಪನಿಯ ಮಾತು ಸರ್ಕಾರದಲ್ಲಿ ಜೋರಾಗಿಯೇ ನಡೆಯುತ್ತಿತ್ತು.

ಈ ಕೂಲಿಗಳು, ಗೇಣಿದಾರರು ಯಾರು? ಹೆಚ್ಚಿನವರು ಜಪಾನಿನ ದಕ್ಷಿಣ ತುದಿಯ ದ್ವೀಪಗಳಾದ ಒಕಿನಾವಾದವರು. ನನ್ನ ಪ್ರಕಾರ ಇಡೀ ವಿಷಯದ ತಿರುಳು ಇಲ್ಲೇ ಇದೆ. ಒಕಿನಾವಾದ ರೈತರು ಕಾಸು ಕಾಣುತ್ತಿದ್ದದ್ದು ಕಬ್ಬಿನಿಂದ. ಸೈಪಾನ್‌ನ ಕಂಪನಿಗಳನ್ನು ಮುಳುಗಿಸಿದ ಬೆಲೆ ಕುಸಿತವೇ ಅವರನ್ನೂ ಬೀದಿಗೆ ತಂದಿತು. ಅಲ್ಲಿ ಆ ಕಾಲಕ್ಕೆ 'ಸೊತೆತ್ಸು ನರಕ' ಎಂದೇ ಹೆಸರು. ಸೊತೆತ್ಸು ಅಂದರೆ ಸೈಕಾಡ್ ಜಾತಿಯ ಗಿಡ. ಅದರಲ್ಲಿ ವಿಷವಿದೆ. ಸರಿಯಾಗಿ ತೆಗೆಯದಿದ್ದರೆ ತಿಂದವರ ಜೀವಕ್ಕೇ ಅಪಾಯ. ಬೇರೇನೂ ಇಲ್ಲದೆ ಜನ ಅದನ್ನೇ ತಿಂದು ದಿನ ದೂಡಿದರು. ಮಾತ್ಸುಯೆಗೆ ಬೇಕಾಗಿದ್ದವರೂ ಇಂಥವರೇ: ಕಬ್ಬು ಬಲ್ಲವರು, ಬಿಸಿಲಿಗೆ ಒಗ್ಗಿದವರು, ಕಡಿಮೆ ಕೂಲಿಗೂ ಬರುವವರು. ಟ್ರಕ್, ಪಲಾವ್ ಕಡೆ ಕತ್ಸುವೊ ಮೀನು ಹಿಡಿದು ಒಣಗಿಸುವ ಕಸುಬಿನಲ್ಲೂ ಇವರೇ ಜಾಸ್ತಿ.

ಕಾನೂನಿನಲ್ಲಿ ಒಕಿನಾವಾದವರೂ ಜಪಾನಿಗಳೇ. ನಿತ್ಯದ ಬದುಕಿನಲ್ಲಿ ಹಾಗಿರಲಿಲ್ಲ. ಜಪಾನಿನ ಮುಖ್ಯ ದ್ವೀಪಗಳವರು ಮೇಲೆ, ಒಕಿನಾವಾ ಮತ್ತು ಕೊರಿಯಾದವರು ಅವರ ಕೆಳಗೆ, ಚಮೊರೊ, ಕ್ಯಾರೋಲಿನಿಯನ್ ಮೊದಲಾದ ದ್ವೀಪವಾಸಿಗಳು ಎಲ್ಲರಿಗಿಂತ ಕೆಳಗೆ. ಕೂಲಿಯಲ್ಲೂ ಇದೇ ತಾರತಮ್ಯ. ದ್ವೀಪದ ಮಕ್ಕಳಿಗೆ ಬೇರೆ ಶಾಲೆ, ಅದೂ ಮೂರು ವರ್ಷ. ಕೆಲವರಿಗೆ ಮಾತ್ರ ಇನ್ನೆರಡು ವರ್ಷ. ದ್ವೀಪದ ಜನರ ಏಳಿಗೆಗಾಗಿ ಎಂದು ಮ್ಯಾಂಡೇಟ್ ಹೇಳುತ್ತಿತ್ತು. ನಡೆದದ್ದು ಬೇರೆ. ಯಾರ ಸಾಗುವಳಿಯಲ್ಲೂ ಇಲ್ಲವೆಂದು ಕಂಡ ನೆಲವನ್ನು ಸರ್ಕಾರ ತನ್ನದೆಂದು ಬರೆಸಿಕೊಂಡು ಕಂಪನಿಗೆ ಕೊಟ್ಟಿತು. ಹಸಿದು ಬಂದ ಒಕಿನಾವಾದ ರೈತ ಉತ್ತದ್ದು ಆ ನೆಲವನ್ನೇ. ಅವನ ಕಷ್ಟ ನಿಜ, ಚಮೊರೊಗಳ ನಷ್ಟವೂ ನಿಜ. ಪರೀಕ್ಷೆಯಲ್ಲಿ ಇದರ ಬಗ್ಗೆ ಉತ್ತರ ಬರೆಯುವಾಗ ಎರಡನ್ನೂ ಬರೆಯಿರಿ.

1930ರಲ್ಲಿ ವಲಸಿಗರು ಸುಮಾರು 20,000. 1935ರ ಹೊತ್ತಿಗೆ ಸುಮಾರು 50,000. ಅಷ್ಟೊತ್ತಿಗೆ ಅವರು ದ್ವೀಪವಾಸಿಗಳ ಸಂಖ್ಯೆಯನ್ನು ದಾಟಿಬಿಟ್ಟಿದ್ದರು. ಸೈಪಾನ್‌ನಲ್ಲಂತೂ ಮೂಲ ನಿವಾಸಿಗಳು ತಮ್ಮ ನೆಲದಲ್ಲೇ ಸಣ್ಣ ಗುಂಪಾದರು.

1944ರ ಜೂನ್ 15ರಂದು ಅಮೆರಿಕದ ಸೇನೆ ಸೈಪಾನ್‌ನಲ್ಲಿ ಇಳಿಯಿತು. ಶತ್ರುವಿಗೆ ಸಿಕ್ಕರೆ ಚಿತ್ರಹಿಂಸೆ ಎಂದು ಜಪಾನಿ ಸೇನೆ ಜನರನ್ನು ನಂಬಿಸಿತ್ತು. ಸಾವಿರಾರು ನಾಗರಿಕರು ಸತ್ತರು. ಎಷ್ಟೋ ಮಂದಿ ಮಕ್ಕಳನ್ನೂ ಎತ್ತಿಕೊಂಡು ಉತ್ತರದ ಬಂಡೆಗಳಿಂದ ಹಾರಿದರು. ಟಿನಿಯನ್‌ನ ಕಬ್ಬಿನ ನೆಲ ರನ್‌ವೇ ಆಯಿತು. 1945ರ ಆಗಸ್ಟ್‌ನಲ್ಲಿ ಹಿರೋಶಿಮಾಗೆ ಬಾಂಬು ಹೊತ್ತ ವಿಮಾನ ಹೊರಟದ್ದು ಅಲ್ಲಿಂದಲೇ.

ಯುದ್ಧದ ನಂತರ ಅಮೆರಿಕ ಬಹುತೇಕ ಎಲ್ಲ ವಲಸಿಗರನ್ನೂ ಹಡಗು ಹತ್ತಿಸಿ ಕಳಿಸಿತು. ಜಪಾನಿ ಗಂಡ ಹೋಗಬೇಕು, ದ್ವೀಪದ ಹೆಂಡತಿ ಮಕ್ಕಳು ಉಳಿಯಬೇಕು. ಹೀಗೆ ಎಷ್ಟೋ ಮನೆಗಳು ಒಡೆದವು. ಟ್ರಕ್ ಈಗ ಸೇರಿರುವ ದೇಶವಾದ ಮೈಕ್ರೊನೇಷ್ಯಾ ಒಕ್ಕೂಟದ ಮೊದಲ ಅಧ್ಯಕ್ಷ ತೋಶಿವೊ ನಾಕಾಯಾಮಾ ಅವರ ತಂದೆಯೂ ಹಾಗೆ ಹೋದವರೇ. ಅದೇ ಒಕ್ಕೂಟದ ಅಧ್ಯಕ್ಷರಾಗಿದ್ದ ಮ್ಯಾನಿ ಮೋರಿ ಅವರ ಮುತ್ತಜ್ಜ ಮೋರಿ ಕೊಬೆನ್, 1890ರ ದಶಕದಲ್ಲೇ ಟ್ರಕ್‌ಗೆ ವ್ಯಾಪಾರಕ್ಕೆ ಬಂದು ಅಲ್ಲಿನ ಮುಖ್ಯಸ್ಥನ ಮಗಳನ್ನು ಮದುವೆಯಾದವರು. ಪಲಾವ್‌ನ ಅಧ್ಯಕ್ಷರಾದ ಕುನಿವೊ ನಾಕಾಮುರಾ ಅವರ ತಂದೆ ಕೂಡ ಜಪಾನಿನವರು.