ಲೂಕ 18:1–8: ವಿಧವೆಯ ಅರ್ಜಿಯೂ ಬಿಡದ ಪ್ರಾರ್ಥನೆಯೂ

ಈ ಭಾಗವನ್ನು ಓದುವಾಗ 18:1ರಿಂದ ಶುರುಮಾಡಬೇಡಿ, 17:20ರಿಂದ ಶುರುಮಾಡಿ. ದೇವರ ರಾಜ್ಯ ಯಾವಾಗ ಬರುತ್ತದೆಂದು ಫರಿಸಾಯರು (ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಯೆಹೂದಿ ಪಂಗಡದವರು) ಕೇಳುತ್ತಾರೆ. ಯೇಸು ಉತ್ತರ ಕೊಟ್ಟು ಶಿಷ್ಯರ ಕಡೆ ತಿರುಗುತ್ತಾನೆ: ಮನುಷ್ಯಕುಮಾರನ (ಯೇಸು ತನ್ನನ್ನೇ ಕರೆದುಕೊಳ್ಳುವ ಹೆಸರು) ದಿನಗಳಲ್ಲಿ ಒಂದನ್ನಾದರೂ ನೋಡಬೇಕೆಂದು ನೀವು ಹಂಬಲಿಸುವ ಕಾಲ ಬರುತ್ತದೆ, ಆದರೆ ನೋಡುವುದಿಲ್ಲ (17:22). ಆಮೇಲೆ ನಾಶ ದಿಢೀರನೆ ಬಂದೆರಗಿದ ನೋಹನ ಕಾಲದ, ಲೋಟನ ಕಾಲದ ಮಾತು. ಅದರ ಬೆನ್ನಿಗೇ ಈ ಸಾಮ್ಯ, ಅಂದರೆ ವಿಧವೆಯೊಬ್ಬಳು ಅನ್ಯಾಯಗಾರ ನ್ಯಾಯಾಧಿಪತಿಯ ಬಳಿ ಮತ್ತೆ ಮತ್ತೆ ಬಂದು ನ್ಯಾಯ ಕೇಳುವ ದೃಷ್ಟಾಂತ ಕಥೆ, ಬರುತ್ತದೆ, 18:8ರಲ್ಲಿ ಮತ್ತೆ ಮನುಷ್ಯಕುಮಾರನ ಬರೋಣದಲ್ಲೇ ನಿಲ್ಲುತ್ತದೆ. ಹಾಗಾಗಿ ಇಲ್ಲಿ ಹೇಳಿರುವುದು ಅನ್ಯಾಯಕ್ಕೆ ಸಿಕ್ಕವರು, ಕರ್ತನ ಬರೋಣ ತಡವಾಯಿತೆಂದು ಕಾಣುವ ಕಾಲದಲ್ಲಿ ಮಾಡುವ ಪ್ರಾರ್ಥನೆಯನ್ನು. ಕೆಲಸಕ್ಕೋ ಸೈಟಿಗೋ ಬೇಡಿಕೊಳ್ಳುವುದು ತಪ್ಪಲ್ಲ. ಆದರೆ ಅದಕ್ಕೆ ಈ ವಾಕ್ಯಗಳನ್ನು ತಂದು ಜೋಡಿಸಿದರೆ ಇದರ ಮೊನೆ ಮುರಿಯುತ್ತದೆ.

ಪಾತ್ರಗಳು ಇಬ್ಬರೇ. ಒಬ್ಬ ನ್ಯಾಯಾಧಿಪತಿ. ಅವನಿಗೆ ದೇವರ ಭಯವಿಲ್ಲ, ಮನುಷ್ಯರ ಲಕ್ಷ್ಯವೂ ಇಲ್ಲ. ಇದನ್ನು ಬರೀ ಸ್ವಭಾವ ವರ್ಣನೆ ಎಂದು ಓದಿ ಮುಂದೆ ಹೋಗಬಾರದು. ಯೆಹೂದದ ಅರಸ ಯೆಹೋಷಾಫಾಟನು ನ್ಯಾಯಾಧಿಪತಿಗಳನ್ನು ನೇಮಿಸುವಾಗ, ನೀವು ತೀರ್ಪು ಕೊಡುವುದು ಮನುಷ್ಯರಿಗಾಗಿ ಅಲ್ಲ, ಯೆಹೋವನಿಗಾಗಿ. ಆತನ ಭಯ ನಿಮ್ಮಲ್ಲಿರಲಿ. ಆತನಲ್ಲಿ ಪಕ್ಷಪಾತವಿಲ್ಲ, ಲಂಚವಿಲ್ಲ ಎಂದು ತಾಕೀತು ಮಾಡಿದ್ದ (2 ಪೂರ್ವಕಾಲವೃತ್ತಾಂತ 19:6–7). ಹುದ್ದೆಗೆ ಬೇಕಾದ ಮೊದಲ ಅರ್ಹತೆಯೇ ಸಾಮ್ಯದ ಈ ನ್ಯಾಯಾಧಿಪತಿಯಲ್ಲಿಲ್ಲ. 18:4ರಲ್ಲಿ ಅದನ್ನು ತನ್ನೊಳಗೆ ತಾನೇ ಒಪ್ಪಿಕೊಳ್ಳುತ್ತಾನೆ, ಅಳುಕಿಲ್ಲದೆ.

ಇನ್ನೊಬ್ಬಳು ವಿಧವೆ. ಅವಳ ಪರವಾಗಿ ಮಾತಾಡಲು ಗಂಡನಿಲ್ಲ. ಅಣ್ಣತಮ್ಮಂದಿರ, ಮಕ್ಕಳ ಸುದ್ದಿಯೂ ಇಲ್ಲ. ಆದರೆ ಅವಳು ದಯೆ ಬೇಡುವುದಿಲ್ಲ, ನ್ಯಾಯ ತೀರಿಸು ಎನ್ನುತ್ತಾಳೆ. ಕಾನೂನು ಅವಳ ಪರವಾಗಿಯೇ ಇದೆ. ವಿಧವೆಯನ್ನು ಬಾಧಿಸಿ ಅವಳು ಮೊರೆಯಿಟ್ಟರೆ ನಾನು ಕೇಳೇ ಕೇಳುತ್ತೇನೆ ಎನ್ನುತ್ತಾನೆ ದೇವರು, ವಿಮೋಚನಕಾಂಡ 22:22–24ರಲ್ಲಿ. ಅವಳ ಬಟ್ಟೆಯನ್ನು ಒತ್ತೆ ಹಿಡಿಯಬಾರದೆನ್ನುತ್ತದೆ ಧರ್ಮೋಪದೇಶಕಾಂಡ 24:17. ಅವಳ ನ್ಯಾಯವನ್ನು ತಿರುಚುವವನಿಗೆ ಶಾಪ ಹಾಕುತ್ತದೆ 27:19. ಅವಳ ತಕರಾರು ಯಾರ ಮೇಲೆ, ಯಾವುದಕ್ಕೆ ಎಂದು ಯೇಸು ಹೇಳುವುದಿಲ್ಲ. ಜಮೀನೋ ಸಾಲವೋ ಎಂದು ನಾವೇ ತುಂಬಿಸುವುದೂ ಬೇಡ.

ಈಗ ತಿರುಳು. 18:6ರಲ್ಲಿ ಯೇಸು ಬೆರಳು ತೋರಿಸುವುದು ವಿಧವೆಯ ಕಡೆಗಲ್ಲ: ಆ ಅನ್ಯಾಯಗಾರ ಏನಂದುಕೊಂಡ, ಕೇಳಿಸಿಕೊಳ್ಳಿ ಎನ್ನುತ್ತಾನೆ. ಇವಳು ಹೀಗೆ ಬಂದು ಬಂದು ನನ್ನನ್ನು ದಣಿಸಿಬಿಡುತ್ತಾಳೆ, ಆದ್ದರಿಂದ ತೀರಿಸಿಬಿಡುತ್ತೇನೆ ಎಂದು ಅವನು ಅಂದುಕೊಂಡಿದ್ದ. ಅಂಥವನೇ ಕೊನೆಗೆ ನ್ಯಾಯ ಕೊಟ್ಟ ಮೇಲೆ, ತಾನೇ ಆರಿಸಿಕೊಂಡವರು ಹಗಲಿರುಳು ಕೂಗುವಾಗ ದೇವರು ಕೊಡದೆ ಇರುತ್ತಾನೆಯೇ? ಇದು ಕೀಳಿನಿಂದ ಮೇಲಕ್ಕೆ ಏರುವ ವಾದ. ಇದೇ ಸುವಾರ್ತೆಯ 11:13ರಲ್ಲೂ, ಕೆಟ್ಟವರಾದ ನೀವೇ ಮಕ್ಕಳಿಗೆ ಒಳ್ಳೆಯದನ್ನು ಕೊಡಬಲ್ಲವರಾದರೆ ಪರಲೋಕದ ತಂದೆ ಇನ್ನೆಷ್ಟು ಕೊಟ್ಟಾನು ಎಂಬ ವಾದ ಇದೇ ಜಾಡಿನದು.

ಬೋಧನೆಗಳಲ್ಲಿ ಅತಿ ಹೆಚ್ಚು ಎಡವುವುದು ಇಲ್ಲೇ. ದೇವರನ್ನು ಆ ನ್ಯಾಯಾಧಿಪತಿಯ ಜಾಗದಲ್ಲಿ ಕೂರಿಸಿ, ಪೀಡಿಸಿದರೆ ಆತನೂ ಮಣಿಯುತ್ತಾನೆ ಎಂದು ಹೇಳಿಬಿಡುತ್ತಾರೆ. ಸಾಮ್ಯದ ಬಲವಿರುವುದು ಇಬ್ಬರೂ ಒಂದೇ ಎಂಬುದರಲ್ಲಲ್ಲ, ಅಜಗಜಾಂತರ ಇರುವುದರಲ್ಲಿ. ಮಾತು ಬೆಳೆಸಿದರೆ ದೇವರು ಕೇಳುತ್ತಾನೆಂಬ ಎಣಿಕೆಯನ್ನು ಮತ್ತಾಯ 6:7 ಮೊದಲೇ ತಳ್ಳಿಹಾಕಿದೆ. ಇಷ್ಟು ದಿನ ಉಪವಾಸ, ಇಷ್ಟು ತಾಸು ಪ್ರಾರ್ಥನೆ, ಆಮೇಲೆ ಉತ್ತರ ಖಾತ್ರಿ ಎಂಬ ಲೆಕ್ಕಾಚಾರ ಹುಟ್ಟುವುದು ಈ ತಪ್ಪು ಓದಿನಿಂದ. ಅದರಿಂದ ಇನ್ನೂ ಕ್ರೂರವಾದ ಮಾತೊಂದು ಹೊರಡುತ್ತದೆ: ಉತ್ತರ ಸಿಗದವರಿಗೆ “ನಿಮ್ಮ ನಂಬಿಕೆ ಸಾಲದು” ಎನ್ನುವುದು. ಬಂಧನಕ್ಕೆ ಮುಂಚೆ ಗೆತ್ಸೆಮನೆಯಲ್ಲಿ ಯೇಸು ಮೂರು ಸಲ ಬೇಡಿದನು, ಸಂಕಟದ ಪಾತ್ರೆ ತೊಲಗಲಿಲ್ಲ. ಪೌಲನೂ ಮೂರು ಸಲ ಬೇಡಿದನು (2 ಕೊರಿಂಥ 12:8–9), ಅವನು ಶರೀರದಲ್ಲಿ ನಾಟಿದ ಮುಳ್ಳು ಎಂದು ಕರೆದ ಬಾಧೆ ಉಳಿಯಿತು, ಕೃಪೆ ಸಿಕ್ಕಿತು. ಇವರಿಬ್ಬರ ನಂಬಿಕೆಯನ್ನು ಅಳೆಯಲು ಯಾರು ಮುಂದೆ ಬರುತ್ತಾರೆ?

ದೇವರು ಅವರಿಗೆ ಬೇಗನೆ ನ್ಯಾಯ ತೀರಿಸುತ್ತಾನೆ ಎನ್ನುವ 18:8ರ “ಬೇಗನೆ” ಎಂಬ ಮಾತು ತೊಡಕಿನದು, ಜಾರಿಸಿ ಹೋಗಬೇಡಿ. ಪ್ರಕಟನೆ 6:9–11ನ್ನು ಪಕ್ಕದಲ್ಲಿಟ್ಟು ಓದಿ. ಹತರಾದವರ ಆತ್ಮಗಳು ಯಜ್ಞವೇದಿಯ ಕೆಳಗಿನಿಂದ “ಇನ್ನೆಷ್ಟರವರೆಗೆ?” ಎಂದು ಕೂಗುತ್ತವೆ. ಪರಲೋಕದಲ್ಲಿದ್ದವರಿಗೂ ಸಿಗುವುದು ಒಂದು ಬಿಳೀ ನಿಲುವಂಗಿ, ಜೊತೆಗೆ ಇನ್ನೂ ಸ್ವಲ್ಪ ಕಾಲ ಕಾಯಿರಿ ಎಂಬ ಮಾತು. ಆ ಕೂಗನ್ನು ಯಾರೂ ಗದರಿಸುವುದಿಲ್ಲ ಎಂಬುದನ್ನು ಗುರುತು ಹಾಕಿಕೊಳ್ಳಿ. ತೀರ್ಪು ಬರುತ್ತದೆಂಬುದು ಖಚಿತ, ತಾರೀಕು ನಮ್ಮ ಕೈಯಲ್ಲಿಲ್ಲ. ಯೇಸುವಿನ ಕೊನೆಯ ಪ್ರಶ್ನೆಯೂ ದೇವರ ಮೇಲಿನದಲ್ಲ, ಮನುಷ್ಯಕುಮಾರನು ಬಂದಾಗ ಭೂಮಿಯ ಮೇಲೆ ನಂಬಿಕೆಯನ್ನು ಕಾಣುವನೋ ಎಂದು ನಮ್ಮ ಮೇಲಿನದು.

ಅಭ್ಯಾಸ

ಕೂಟದಲ್ಲಿ ಮಾಡುವುದಾದರೆ ಆರೇ ವಚನಗಳಿರುವ ಕೀರ್ತನೆ 13 ಸಾಕು. ಮೊದಲ ಎರಡು ವಚನಗಳಲ್ಲಿ “ಎಷ್ಟರವರೆಗೆ” ಎಂಬ ಪ್ರಶ್ನೆ ನಾಲ್ಕು ಸಲ, 3–4ರಲ್ಲಿ ಬೇಡಿಕೆ, 5–6ರಲ್ಲಿ ಭರವಸೆ. ಇದೇ ಕ್ರಮದಲ್ಲಿ ಒಂದು ಹಾಳೆಯ ಮೇಲೆ ಬರೆಯಿರಿ: ಯಾರಿಗೆ ಅನ್ಯಾಯವಾಗಿದೆ, ಏನನ್ನು ಕಿತ್ತುಕೊಂಡಿದ್ದಾರೆ, ಏನು ಸರಿಹೋಗಬೇಕು. ಮೂರೇ ಸಾಲು. “ಕರ್ತನೇ, ಎಲ್ಲ ಒಳ್ಳೆಯದು ಮಾಡು” ಎಂಬಂಥ ವಾಕ್ಯ ಬೇಡ. ಅದಕ್ಕೆ ಉತ್ತರ ಬಂದರೂ ಗೊತ್ತಾಗುವುದಿಲ್ಲ. “ಹಿಡಿದಿಟ್ಟ ಮೂರು ತಿಂಗಳ ಸಂಬಳ ಕೈಸೇರಲಿ” ಎಂದು ಬರೆಯಿರಿ. ಮೂರನೇ ಸಾಲಿನಲ್ಲಿ ಎದುರಾಳಿಯ ನಾಶ ನುಸುಳಿದ್ದರೆ ರೋಮಾಪುರದವರಿಗೆ 12:19ನ್ನು ಓದಿ ತಿದ್ದಿ: ಕಳೆದದ್ದು ಮರಳಲಿ ಎಂದು ಬೇಡುವುದು ನಮ್ಮದು, ಮುಯ್ಯಿ ತೀರಿಸುವುದು ಆತನದು. ಮುಂದಿನ ವಾರಗಳಲ್ಲೂ ಅದೇ ಹಾಳೆಯನ್ನು ತೆಗೆಯಿರಿ, ಏನಾದರೂ ಬದಲಾಗಿದ್ದರೆ ತಾರೀಕು ಹಾಕಿ ಸೇರಿಸಿ. ಕೂಟದಲ್ಲಿ ಎದುರಾಳಿಯ ಹೆಸರು ಹೇಳಬಾರದು. ಹೇಳಿದರೆ ಪ್ರಾರ್ಥನೆ ಊರ ಸುದ್ದಿಯಾಗುತ್ತದೆ, ನೊಂದವರು ಮುಂದಿನ ವಾರ ಬರುವುದನ್ನೇ ಬಿಡುತ್ತಾರೆ.

“ಪ್ರಾರ್ಥನೆ ಮಾಡುತ್ತೇವಲ್ಲ, ಕೋರ್ಟು ಯಾಕೆ?” ಎಂದು ಕೇಳುವವರಿಗೆ ಒಂದೇ ಉತ್ತರ: ಸಾಮ್ಯದ ವಿಧವೆ ಇದ್ದದ್ದೇ ನ್ಯಾಯಾಧಿಪತಿಯ ಮುಂದೆ. ಸಭೆಯವರು ಒಳಗೇ ತೀರಿಸಬಹುದಾದ ವ್ಯಾಜ್ಯಕ್ಕೆ 1 ಕೊರಿಂಥ 6 ಬೇರೆ ದಾರಿ ತೋರಿಸುತ್ತದೆ, ನಿಜ. ಆದರೆ ಆ ಅಧ್ಯಾಯವನ್ನು ಹಿಡಿದು ವಿಧವೆಯೊಬ್ಬಳ ಬಾಯಿ ಮುಚ್ಚಿಸುವುದು ಅನ್ಯಾಯದ ಪಕ್ಷ ವಹಿಸಿದಂತೆ. ನಮ್ಮಲ್ಲಿ ಕ್ರೈಸ್ತ ಗಂಡ ವಿಲ್ ಬರೆಯದೆ ತೀರಿಕೊಂಡು ಮಕ್ಕಳಿದ್ದರೆ, 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 33ನೇ ಸೆಕ್ಷನ್ನಿನಂತೆ ಹೆಂಡತಿಗೆ ಆಸ್ತಿಯ ಮೂರನೇ ಒಂದು ಪಾಲು ಸೇರುತ್ತದೆ. ವಕೀಲರ ಖರ್ಚಿಗೆ ಹೆದರಬೇಕಿಲ್ಲ: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ನಿನಂತೆ ಹೆಂಗಸರು ಉಚಿತ ಕಾನೂನು ನೆರವಿಗೆ ಅರ್ಹರು. ಅರ್ಜಿಯನ್ನು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಕೊಡಬಹುದು. ಅವಳ ಜೊತೆ ಕೂತು ಪ್ರಾರ್ಥಿಸುವವರು ಆ ಕಚೇರಿಯ ತನಕವೂ ಜೊತೆಗೆ ಹೋಗಬಹುದು.

ಮುಂದಿನ ಪಾಠ 18:9–14, ಫರಿಸಾಯನೂ ಸುಂಕದವನೂ. ಲೂಕನು ಇವೆರಡನ್ನೂ ಒಂದರ ಬೆನ್ನಿಗೊಂದು ಇಟ್ಟಿದ್ದಾನೆ. ನ್ಯಾಯ ಕೇಳಿ ಕೇಳಿ ತಾನೇ ನೀತಿವಂತನೆಂಬ ಭ್ರಮೆ ಹತ್ತುವುದು ಎಷ್ಟು ಸುಲಭವೆಂದು ಅಲ್ಲಿ ನೋಡಬಹುದು. ಬರುವಾಗ ನಿಮ್ಮ ಮೂರು ಸಾಲಿನ ಹಾಳೆಯನ್ನು ತನ್ನಿ.